ನೂರು ಕುಕಿ ಒಟ್ಟಿಗೆ ಮಾಡ್ಬೇಕು ಅಂದ್ರೆ ಯಾವ್ದು ಆರಿಸ್ಕೋಬೇಕು?

ಹನ್ನೆರಡು ಕುಕಿ ಮಾಡೋ ಕೆಲ್ಸನೇ ಬೇರೆ, ನೂರು ಮಾಡೋ ಕೆಲ್ಸನೇ ಬೇರೆ. ಇದು ನನಗೆ ಗೊತ್ತಾಗಿದ್ದು ಮೊದಲನೇ ಸಲ ತುಂಬಾ ಜನಕ್ಕೆ ಹಂಚೋಕೆ ಅಂತ ಮಾಡೋಕೆ ನಿಂತಾಗ. ಮನೇಲಿ ಎಲ್ಲರಿಗೂ ಇಷ್ಟ ಆಗೋ ಚಾಕಲೇಟ್ ಚಿಪ್ ಕುಕಿನೇ ಅಳತೆ ಜಾಸ್ತಿ ಮಾಡಿ ಕಲಸಿದ್ರಾಯ್ತು ಅಂದ್ಕೊಂಡೆ. ಹಿಟ್ಟು ಕಲಸೋದೇನೋ ಅರ್ಧ ಗಂಟೇಲಿ ಮುಗೀತು, ಆದ್ರೆ ಆಮೇಲೆ ಉಂಡೆ ಮಾಡೋದು, ಟ್ರೇಗೆ ಜೋಡಿಸೋದು, ಓವನ್‌ಗೆ ಇಡೋದು, ತೆಗೆಯೋದು, ಟ್ರೇ ಆರೋ ತನಕ ಕಾಯೋದು, ಮತ್ತೆ ಜೋಡಿಸೋದು, ಇದೇ ರಾತ್ರಿ ಹನ್ನೊಂದೂವರೆವರೆಗೂ ನಡೀತು. ಕೊನೆ ಎರಡು ಟ್ರೇ ಹೊತ್ತಿಗೆ ಹಿಟ್ಟು ಬೆಚ್ಚಗಾಗಿ ಬೆಣ್ಣೆ ಸಡಿಲ ಆಗಿ, ಕುಕಿಗಳೆಲ್ಲ ಹರಡ್ಕೊಂಡು ಒಂದಕ್ಕೊಂದು ಅಂಟ್ಕೊಂಡ್ವು. ರುಚಿ ಚೆನ್ನಾಗಿತ್ತು, ಆದ್ರೆ ಡಬ್ಬಿಗೆ ಹಾಕಿ ಕೊಡೋ ಹಾಗಿರ್ಲಿಲ್ಲ.

ಅದಕ್ಕೇ ಈಗ ಯಾರಾದ್ರೂ "ಶಾರ್ಟ್‌ಬ್ರೆಡ್ (ಬೆಣ್ಣೆ ಬಿಸ್ಕತ್ತು) ಮಾಡ್ಲಾ, ಚಾಕಲೇಟ್ ಚಿಪ್ ಮಾಡ್ಲಾ, ಓಟ್ಸ್ ಕುಕಿ ಮಾಡ್ಲಾ, ತಲೆ ಓಡ್ತಿಲ್ಲ" ಅಂದ್ರೆ ನಾನು ಮೊದಲು ಕೇಳೋದು ರುಚಿ ಬಗ್ಗೆ ಅಲ್ಲ. ಒಂದೊಂದು ಕುಕಿಗೆ ನಿಮ್ಮ ಕೈ ಎಷ್ಟು ಸಲ ತಾಗತ್ತೆ ಅನ್ನೋದನ್ನ ಲೆಕ್ಕ ಹಾಕಿ ಅಂತೀನಿ. ಉಂಡೆ ಮಾಡೋಕೆ ಒಂದು ಸಲ, ಟ್ರೇಗೆ ಇಡೋಕೆ ಒಂದು ಸಲ, ಚಪ್ಪಟೆ ಮಾಡೋಕೆ ಒಂದು ಸಲ, ತೆಗೆದು ಜಾಲರಿ ಮೇಲೆ ಇಡೋಕೆ ಒಂದು ಸಲ. ಹನ್ನೆರಡಕ್ಕೆ ಇದು ಏನೂ ಅನ್ಸಲ್ಲ, ನೂರಕ್ಕೆ ನಾನೂರು ಸಲ ಆಗತ್ತೆ.

ಯಾವ್ಯಾವುದು ನೋಡ್ಕೋಬೇಕು

ಕೈಕೆಲಸ ಆದ್ಮೇಲೆ ಓವನ್ ಲೆಕ್ಕ. ಒಂದು ಟ್ರೇಗೆ 12 ಕುಕಿ ಹಿಡಿಯತ್ತೆ ಅಂತ ಇಟ್ಕೊಳ್ಳಿ, ನೂರಕ್ಕೆ 9 ಟ್ರೇ ಬೇಕು. ಬೇಯೋಕೆ 12 ನಿಮಿಷ, ತೆಗೆದು ಇಡೋಕೆ, ಓವನ್ ಮತ್ತೆ ಬಿಸಿ ಆಗೋಕೆ ಇನ್ನೊಂದು ಮೂರು ನಿಮಿಷ, ಅಂದ್ರೆ ಟ್ರೇಗೆ 15 ನಿಮಿಷ. ಒಂದೇ ಟ್ರೇ ಹಿಡಿಯೋ ಚಿಕ್ಕ ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್) ಆದ್ರೆ 2 ಗಂಟೆ 15 ನಿಮಿಷ ಓವನ್ ಮುಂದೆನೇ ನಿಂತಿರ್ಬೇಕು. ಎರಡು ಟ್ರೇ ಒಟ್ಟಿಗೆ ಹೋಗೋ ಓವನ್ ಇದ್ರೆ ಅದು ಸುಮಾರು ಒಂದೂಕಾಲು ಗಂಟೆಗೆ ಇಳಿಯತ್ತೆ. ನಿಮ್ಮ ಓವನ್ ಯಾವ್ದು ಅನ್ನೋದರ ಮೇಲೇ ಅರ್ಧ ತೀರ್ಮಾನ ನಿಂತಿದೆ, ಆದ್ರೂ ಸುಮಾರು ಜನ ಇದನ್ನ ಯೋಚ್ನೆ ಮಾಡದೇನೇ ರೆಸಿಪಿ ಆರಿಸ್ಬಿಡ್ತಾರೆ.

ಮೂರನೇದು, ಮಾಡಿದ ದಿನಕ್ಕೂ ಹಂಚೋ ದಿನಕ್ಕೂ ಎಷ್ಟು ಅಂತರ ಇದೆ ಅನ್ನೋದು. ಹಿಂದಿನ ದಿನ ಮಾಡೋಕೆ ಪುರುಸೊತ್ತು ಇದ್ರೆ ಯಾವ್ದು ಬೇಕಾದ್ರೂ ನಡೆಯತ್ತೆ, ಆದ್ರೆ ಒಂದು ವಾರ ಮುಂಚೆ ಮಾಡಿಡ್ಬೇಕು ಅಂದ್ರೆ ಮೆತ್ತನೆ ಕುಕಿಗಳು ಲೆಕ್ಕಕ್ಕೆ ಬರಲ್ಲ. ಇದರ ಜೊತೆಗೇ ಸಾಗಿಸೋ ವಿಷ್ಯ. ಪಕ್ಕದ ರೂಮಿಗೆ ತಟ್ಟೇಲಿ ತಗೊಂಡು ಹೋಗೋದು ಬೇರೆ, ಡಬ್ಬಿ ತುಂಬಿ ಬಸ್ಸಲ್ಲಿ ಮೂರು ಗಂಟೆ ಹೋಗೋದು ಬೇರೆ.

ಆಮೇಲೆ ತಿನ್ನೋರು ಯಾರು? ಮೊಟ್ಟೆ ತಿನ್ನದೇ ಇರೋರು, ಕಡಲೆಕಾಯಿ ಅಲರ್ಜಿ ಇರೋರು, ಗೋಧಿ ಆಗದೇ ಇರೋರು ಗುಂಪಲ್ಲಿ ಇದ್ದಾರಾ ಅಂತ ಮೊದಲೇ ಕೇಳ್ಕೊಂಡ್ರೆ ಒಳ್ಳೇದು. ಕೊನೇದು ಖರ್ಚು. ಕುಕಿ ಖರ್ಚು ಅಂದ್ರೆ ಮುಖ್ಯವಾಗಿ ಬೆಣ್ಣೆ, ಚಾಕಲೇಟ್, ಬಾದಾಮಿ ಗೋಡಂಬಿ ಥರದ್ದು, ಮೈದಾ ಸಕ್ಕರೆ ಅದರ ಮುಂದೆ ಏನೂ ಅಲ್ಲ. ಹಾಗಾಗಿ ಯಾವ ಕುಕೀಲಿ ಇವು ಎಷ್ಟಿವೆ ಅಂತ ನೋಡಿದ್ರೆ ಸಾಕು.

ಟ್ರೇಗೆ ಒತ್ತಿ ಬೇಯಿಸಿ ಕತ್ತರಿಸೋ ಶಾರ್ಟ್‌ಬ್ರೆಡ್

ಜನ ತುಂಬಾ ಇದ್ರೆ, ಸಮಯ ಕಮ್ಮಿ ಇದ್ರೆ ನಾನು ಮೊದಲು ಕೈ ಹಾಕೋದು ಇದಕ್ಕೇ. ಅಳತೆ ಬರ್ಕೊಳ್ಳೋದೂ ಬೇಡ, ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಅಷ್ಟೇ. ಮೊಟ್ಟೆ ಇಲ್ಲ, ಸೋಡ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಉಬ್ಬಿಸೋ ಪದಾರ್ಥನೇ ಇಲ್ಲದೇ ಇರೋದ್ರಿಂದ ಎಷ್ಟು ಪಟ್ಟು ಜಾಸ್ತಿ ಮಾಡಿದ್ರೂ ಲೆಕ್ಕ ತಪ್ಪಲ್ಲ, ದೊಡ್ಡ ಪ್ರಮಾಣಕ್ಕೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಮಾಡಿದ್ಮೇಲೇ ಗೊತ್ತಾಗೋದು.

ನೂರರ ಹತ್ತಿರ ಬೇಕು ಅಂದ್ರೆ 1 ಕೆಜಿ ಮೈದಾ, 670 ಗ್ರಾಂ ಬೆಣ್ಣೆ, 330 ಗ್ರಾಂ ಸಕ್ಕರೆ ತಗೊಳ್ಳಿ, ಒಟ್ಟು 2 ಕೆಜಿ ಹಿಟ್ಟಾಗತ್ತೆ. 33 ಸೆಂಮೀ ಉದ್ದ 23 ಸೆಂಮೀ ಅಗಲದ ಎರಡು ಟ್ರೇಗೆ ಒಂದೊಂದು ಕೆಜಿ ಹಾಕಿ ಒತ್ತಿ, ಸುಮಾರು 1 ಸೆಂಮೀ ದಪ್ಪ ಬರತ್ತೆ. ಫೋರ್ಕಲ್ಲಿ ಅಲ್ಲಲ್ಲಿ ಚುಚ್ಚಿ, ಯಾಕಂದ್ರೆ ಒಳಗಿನ ಆವಿ ಹೊರಗೆ ಹೋಗದೇ ಇದ್ರೆ ಮಧ್ಯ ಉಬ್ಬಿ ನಿಲ್ಲತ್ತೆ. 150ರಿಂದ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 40-45 ನಿಮಿಷ, ಮೇಲೆಲ್ಲ ತಿಳಿ ಹೊಂಬಣ್ಣ ಬರೋ ತನಕ. ತೆಗೆದ ತಕ್ಷಣ, ಇನ್ನೂ ಬಿಸಿ ಇರೋವಾಗ್ಲೇ ಚಾಕುವಿಂದ ಉದ್ದಕ್ಕೆ 8 ಅಡ್ಡಕ್ಕೆ 6 ತುಂಡು ಬರೋ ಹಾಗೆ ಗೆರೆ ಎಳೆದು ಕತ್ತರಿಸ್ಬೇಕು, ಆರಿದ್ಮೇಲೆ ಕತ್ತರಿಸೋಕೆ ಹೋದ್ರೆ ಪುಡಿಪುಡಿ ಆಗತ್ತೆ. ಒಂದು ಟ್ರೇಗೆ 48, ಎರಡಕ್ಕೆ 96. ಎರಡೂ ಟ್ರೇ ಒಟ್ಟಿಗೆ ಒಳಗೆ ಹೋದ್ರೆ ಮುಕ್ಕಾಲು ಗಂಟೇಲಿ ಬೇಯೋ ಕೆಲ್ಸ ಪೂರ್ತಿ ಮುಗೀತು, ಒಂದೇ ಹಿಡಿಯೋ ಓವನ್ ಆದ್ರೂ ಒಂದೂವರೆ ಗಂಟೆ, ಅದ್ರಲ್ಲೂ ಒಂದು ಬೇಯ್ತಿರೋವಾಗ ನೀವು ಬೇರೆ ಕೆಲ್ಸ ನೋಡ್ಕೋಬಹುದು. ಒಂದೊಂದು ತುಂಡಿಗೆ ಕೈ ತಾಗೋದು ಒಂದೇ ಸಲ, ಡಬ್ಬಿಗೆ ಹಾಕೋವಾಗ.

ಗಾಳಿ ಆಡದ ಡಬ್ಬೀಲಿ ಎರಡು ವಾರ ಆರಾಮಾಗಿ ಇರತ್ತೆ, ಒಂದೆರಡು ದಿನ ಆದ್ಮೇಲೆ ಬೆಣ್ಣೆ ಘಮ ಇನ್ನೂ ಚೆನ್ನಾಗಿ ಕೂರತ್ತೆ ಅಂತ ನನಗನ್ಸತ್ತೆ. ಮೊಟ್ಟೆ ಇಲ್ದೇ ಇರೋದ್ರಿಂದ ಹೆಚ್ಚು ಜನಕ್ಕೆ ಆಗತ್ತೆ.

ಆದ್ರೆ ಇದರ ರುಚಿ ಅಂದ್ರೆ ಬೆಣ್ಣೆ ರುಚಿ, ಬೇರೆ ಏನೂ ಅಲ್ಲ. ಖರ್ಚು ಉಳಿಸೋಕೆ ಅಂತ ಮಾರ್ಗರಿನ್ (ಎಣ್ಣೆಯಿಂದ ಮಾಡೋ ಬೆಣ್ಣೆ ಥರದ್ದು) ಹಾಕಿದ್ರೆ ಮುಚ್ಚಿಡೋಕೆ ಮಸಾಲೆ ಇಲ್ಲ ಚಾಕಲೇಟ್ ಇಲ್ಲ, ಮೊದಲನೇ ತುತ್ತಿಗೇ ಗೊತ್ತಾಗ್ಬಿಡತ್ತೆ. ಬಜೆಟ್ ತುಂಬಾ ಬಿಗಿ ಇದ್ರೆ ಇದನ್ನ ಬಿಟ್ಟು ಓಟ್ಸ್ ಕಡೆ ಹೋಗಿ. ಇನ್ನೊಂದು, ಮಕ್ಕಳೇ ಜಾಸ್ತಿ ಇರೋ ಕಡೆ ಬರೀ ಬಿಳಿ ತುಂಡು ನೋಡಿ ಮಕ್ಕಳು ಅಷ್ಟು ಖುಷಿ ಪಡಲ್ಲ, ಅಲ್ಲಿಗೆ ತಗೊಂಡು ಹೋಗೋದಾದ್ರೆ ಆರಿದ್ಮೇಲೆ ಸ್ವಲ್ಪ ಚಾಕಲೇಟ್ ಕರಗಿಸಿ ಮೇಲೆ ಗೆರೆಗೆರೆಯಾಗಿ ಸುರಿದ್ರೆ ಕಮ್ಮಿ ಚಾಕಲೇಟಲ್ಲೇ ನೋಡೋಕೂ ಚೆನ್ನಾಗಾಗತ್ತೆ.

ಉರುಳೆ ಮಾಡಿ ಕತ್ತರಿಸೋ ಕುಕಿ

ಟ್ರೇ ತುಂಡು ಚೌಕ ಚೌಕವಾಗಿ ಕಾಣತ್ತೆ, ದುಂಡಗೆ ಅಚ್ಚುಕಟ್ಟಾದ ಕುಕಿನೇ ಬೇಕು ಅನ್ನೋರಿಗೆ ಇದು. ಹಿಟ್ಟನ್ನ ಉದ್ದಕ್ಕೆ ಉರುಳೆ ಥರ ಹೊಸೆದು, ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಫ್ರಿಜ್ಜಲ್ಲಿ ಕಮ್ಮಿ ಅಂದ್ರೂ ಎರಡು ಗಂಟೆ ಇಟ್ಟು, ಗಟ್ಟಿ ಆದ್ಮೇಲೆ ಚಾಕುವಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಬೇಯಿಸೋದು. 300 ಗ್ರಾಂ ಮೈದಾ, 225 ಗ್ರಾಂ ಬೆಣ್ಣೆ, 125 ಗ್ರಾಂ ಪುಡಿ ಸಕ್ಕರೆ, ಎರಡು ಚಮಚ ಹಾಲು, ವೆನಿಲ್ಲ, ಒಂದು ಚಿಟಿಕೆ ಉಪ್ಪು ಹಾಕಿದ್ರೆ 5 ಸೆಂಮೀ ದಪ್ಪದ ಸುಮಾರು 30 ಸೆಂಮೀ ಉದ್ದದ ಒಂದು ಉರುಳೆ ಆಗತ್ತೆ, 7-8 ಮಿಮೀ ದಪ್ಪಕ್ಕೆ ಕತ್ತರಿಸಿದ್ರೆ ಹತ್ತಿರ ಹತ್ತಿರ 40 ಬರತ್ತೆ. 175 ಡಿಗ್ರೀಲಿ 11-12 ನಿಮಿಷ.

ಇದರ ದೊಡ್ಡ ಲಾಭ ಏನಂದ್ರೆ ಕೆಲ್ಸನ ಎರಡು ಭಾಗ ಮಾಡ್ಬಹುದು. ಉರುಳೆಗಳನ್ನ ಫ್ರೀಜರಲ್ಲಿ ಮೂರು ತಿಂಗಳವರೆಗೂ ಇಡಬಹುದು, ಹಾಗಾಗಿ ಪುರುಸೊತ್ತಿದ್ದಾಗ ದಿನಕ್ಕೊಂದು ಉರುಳೆ ಕಲಸಿಟ್ಕೊಂಡು, ಬೇಕಾದ ದಿನ ಕತ್ತರಿಸಿ ಬೇಯಿಸಿದ್ರೆ ಒಂದೇ ದಿನ ಸೊಂಟ ಬೀಳೋದು ತಪ್ಪತ್ತೆ. ಒಂದೇ ಹಿಟ್ಟನ್ನ ಮೂರು ಪಾಲು ಮಾಡಿ ಒಂದಕ್ಕೆ ಕೋಕೋ, ಒಂದಕ್ಕೆ ನಿಂಬೆ ಸಿಪ್ಪೆ ತುರಿ, ಒಂದಕ್ಕೆ ಎಳ್ಳು ಹಾಕಿದ್ರೆ ಮೂರು ಥರದ ಕುಕಿನೂ ಆಯ್ತು. ಕತ್ತರಿಸೋವಾಗ ಒಂದೊಂದು ಬಿಲ್ಲೆಗೂ ಉರುಳೆನ ಸ್ವಲ್ಪ ತಿರುಗಿಸ್ತಾ ಹೋಗಿ, ಇಲ್ಲಾಂದ್ರೆ ಚಾಕು ಒತ್ತಿ ಒತ್ತಿ ಒಂದು ಕಡೆ ಚಪ್ಪಟೆ ಆಗ್ಬಿಡತ್ತೆ.

ಟ್ರೇ ಶಾರ್ಟ್‌ಬ್ರೆಡ್‌ಗಿಂತ ಓವನ್ ಕೆಲ್ಸ ಇದಕ್ಕೆ ಜಾಸ್ತಿ, ಅದು ನಿಜ. ಆದ್ರೆ ಅಷ್ಟಾಗಿ ಹರಡಲ್ಲ, ಹಾಗಾಗಿ ಹತ್ತಿರ ಹತ್ತಿರ ಇಡಬಹುದು, ಹನ್ನೆರಡು ಹಿಡಿಯೋ ಟ್ರೇಗೆ ಹದಿನೈದೋ ಹದಿನಾರೋ ಹಿಡಿಯತ್ತೆ. ಗರಿಗರಿ ಇರತ್ತೆ, ಹತ್ತು ದಿನ ಎರಡು ವಾರ ಕೆಡಲ್ಲ, ಒಂದರ ಮೇಲೊಂದು ಪೇರಿಸಿ ಡಬ್ಬಿಗೆ ಹಾಕೋಕೆ ಇದಕ್ಕಿಂತ ಸುಲಭದ್ದು ಯಾವ್ದೂ ಇಲ್ಲ. ದೂರ ಕಳ್ಸೋದಿದ್ರೆ ನನ್ನ ಆಯ್ಕೆ ಇದು.

ಚಾಕಲೇಟ್ ಚಿಪ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು

ಯಾಕಂದ್ರೆ ಎಲ್ಲರೂ ಮೊದಲು ಯೋಚ್ನೆ ಮಾಡೋದು ಇದನ್ನೇ, ಎಲ್ಲರಿಗೂ ಇಷ್ಟ ಆಗೋದೂ ಇದೇ. 1930ರ ದಶಕದಲ್ಲಿ ಅಮೆರಿಕದ ರುತ್ ವೇಕ್‌ಫೀಲ್ಡ್ ಅನ್ನೋ ಅಡುಗೆ ಪರಿಣಿತೆ ತಮ್ಮ ಊಟದ ಮನೇಲಿ ಚಾಕಲೇಟ್ ಚೂರು ಹಾಕಿ ಇದನ್ನ ಮಾಡಿದ್ದು, ಇವತ್ತಿಗೂ ಹೆಚ್ಚಿನ ರೆಸಿಪಿಗಳು ಅದೇ ಲೆಕ್ಕದ ಆಸುಪಾಸಲ್ಲೇ ಇವೆ. 280 ಗ್ರಾಂ ಮೈದಾ, 225 ಗ್ರಾಂ ಬೆಣ್ಣೆ, 150 ಗ್ರಾಂ ಬಿಳಿ ಸಕ್ಕರೆ, 165 ಗ್ರಾಂ ಬ್ರೌನ್ ಶುಗರ್ (ಕಂದು ಸಕ್ಕರೆ), ಎರಡು ಮೊಟ್ಟೆ, ಒಂದೊಂದು ಟೀ ಚಮಚ ಸೋಡ ಮತ್ತು ಉಪ್ಪು, 340 ಗ್ರಾಂ ಚಾಕಲೇಟ್. 30 ಗ್ರಾಂ ಉಂಡೆ ಮಾಡಿದ್ರೆ ಸುಮಾರು 40 ಬರತ್ತೆ. 175 ಡಿಗ್ರಿ, 10ರಿಂದ 12 ನಿಮಿಷ.

ನೂರು ಬೇಕು ಅಂದ್ರೆ ಇದರ ಎರಡೂವರೆ ಪಟ್ಟು, ಅಂದ್ರೆ 850 ಗ್ರಾಂ ಚಾಕಲೇಟ್, ಖರ್ಚು ನೆಗೆಯೋದು ಇಲ್ಲೇ. ಇದನ್ನ ಇಳಿಸೋಕೆ ಒಂದು ದಾರಿ ಇದೆ, ಚಿಪ್ಸ್ ಬದಲು ಚಾಕಲೇಟ್ ಬಾರ್ ತಗೊಂಡು ಚಾಕುವಿಂದ ಸಣ್ಣಗೆ ಕೊಚ್ಚಿ ಹಾಕಿ, 340 ಗ್ರಾಂ ಬದಲು 225 ಗ್ರಾಂ ಸಾಕು, ಚೂರು ಪುಡಿ ಎಲ್ಲಾ ಕಡೆ ಹರಡ್ಕೊಂಡು ಪ್ರತಿ ತುತ್ತಿಗೂ ಸಿಗತ್ತೆ. ಮೇಲ್ಗಡೆ ಕಾಣೋಕೆ ಅಂತ ಎರಡೆರಡು ಚೂರು ಎತ್ತಿಟ್ಕೊಂಡು ಉಂಡೆ ಮೇಲೆ ಒತ್ತಿದ್ರೆ ಆಯ್ತು.

ಹಣಕ್ಕಿಂತ ದೊಡ್ಡ ತೊಂದ್ರೆ ಹರಡೋದು. ಬೆಣ್ಣೆ ಕರಗೋದಕ್ಕೂ ಹಿಟ್ಟು ಗಟ್ಟಿ ಆಗೋದಕ್ಕೂ ಓವನ್ ಒಳಗೆ ಒಂದು ಪೈಪೋಟಿ ನಡೀತಿರತ್ತೆ. ಉಂಡೆ ತಣ್ಣಗಿದ್ರೆ ಅಂಚು ಗಟ್ಟಿ ಆದ್ಮೇಲೆ ಮಧ್ಯ ಕರಗತ್ತೆ, ಕುಕಿ ದಪ್ಪ ನಿಲ್ಲತ್ತೆ. ಉಂಡೆ ಬೆಚ್ಚಗಿದ್ರೆ, ಇಲ್ಲಾ ಹಿಂದಿನ ಸುತ್ತಿನ ಬಿಸಿ ಟ್ರೇ ಮೇಲೇ ಇಟ್ರೆ, ಓವನ್‌ಗೆ ಹೋಗೋ ಮುಂಚೆನೇ ಬೆಣ್ಣೆ ಕರಗೋಕೆ ಶುರು ಆಗಿರತ್ತೆ, ಆಗ ತೆಳ್ಳಗೆ ಹರಡೋದೇ. ನನ್ನ ಕೊನೆ ಎರಡು ಟ್ರೇ ಹಾಳಾಗಿದ್ದು ಹೀಗೇ. ಹಾಗಾಗಿ ಇದನ್ನ ದೊಡ್ಡ ಪ್ರಮಾಣದಲ್ಲಿ ಮಾಡೋದಾದ್ರೆ ಒಂದೇ ದಾರಿ: ಒಂದು ದಿನ ಮುಂಚೆ ಇಲ್ಲಾ ಒಂದು ವಾರ ಮುಂಚೆ ಎಲ್ಲಾ ಉಂಡೆ ಮಾಡಿ, ಟ್ರೇ ಮೇಲೆ ಬಿಡಿಬಿಡಿಯಾಗಿ ಫ್ರೀಜ್ ಮಾಡಿ, ಗಟ್ಟಿ ಆದ್ಮೇಲೆ ಚೀಲಕ್ಕೆ ತುಂಬಿಡಿ. ಬೇಯಿಸೋ ದಿನ ಫ್ರೀಜರಿಂದ ನೇರ ಟ್ರೇಗೆ, ಸಮಯ ಒಂದೆರಡು ನಿಮಿಷ ಜಾಸ್ತಿ ಅಷ್ಟೇ. ಮೊದಲನೇ ಟ್ರೇನೂ ಒಂಬತ್ತನೇ ಟ್ರೇನೂ ಒಂದೇ ಥರ ಬರತ್ತೆ. ಉಂಡೆಗೆ ಐಸ್‌ಕ್ರೀಮ್ ಸ್ಕೂಪ್ ಥರದ್ದು ಚಿಕ್ಕದೊಂದು ಇಟ್ಕೊಳ್ಳಿ, ಕೈಲಿ ಉಂಡೆ ಕಟ್ಟೋದಕ್ಕೆ ಹೋಲಿಸಿದ್ರೆ ಅರ್ಧ ಸಮಯ ಉಳಿಯತ್ತೆ, ಎಲ್ಲಾ ಒಂದೇ ಸೈಜ್ ಇರೋದ್ರಿಂದ ಒಂದೇ ಥರ ಬೇಯತ್ತೆ ಕೂಡ.

ಮೊಟ್ಟೆ ಬೇಡ ಅನ್ನೋರಿಗೆ ಒಂದು ಮೊಟ್ಟೆ ಬದಲು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿನ ಮೂರು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ ಹಾಕಿದ್ರೆ ನಡೆಯತ್ತೆ, ಸ್ವಲ್ಪ ಬೇರೆ ಥರ ಅಗಿಯೋಕೆ ಸಿಗತ್ತೆ ಆದ್ರೆ ಕೆಟ್ಟದಾಗೇನಿರಲ್ಲ.

ಮೂರ್ನಾಲ್ಕು ದಿನ ಆದ್ಮೇಲೆ ಇದರ ಮೆತ್ತಗಿನ ಹದ ಹೋಗತ್ತೆ, ಹಂಚೋ ದಿನ ಇಲ್ಲಾ ಹಿಂದಿನ ದಿನನೇ ಬೇಯಿಸ್ಬೇಕು. ಆ ದಿನ ಓವನ್ ಮುಂದೆ ಎರಡು ಗಂಟೆ ನಿಲ್ಲೋಕೆ ಆಗತ್ತೆ ಅನ್ನೋದಾದ್ರೆ ಖಂಡಿತ ಮಾಡಿ, ಬಿಸಿಬಿಸಿ ಚಾಕಲೇಟ್ ಚಿಪ್ ಕುಕಿ ಕೊಟ್ಟಾಗ ಜನರ ಮುಖ ಅರಳೋದು ಬೇರೆ ಯಾವ್ದರಲ್ಲೂ ಅಷ್ಟು ಕಾಣಲ್ಲ. ಆಗಲ್ಲ ಅಂದ್ರೆ ಇದೇ ಹಿಟ್ಟನ್ನ ಆ 33-23ರ ಟ್ರೇಗೆ ಒತ್ತಿ 175 ಡಿಗ್ರೀಲಿ 25 ನಿಮಿಷ ಬೇಯಿಸಿ ಪೂರ್ತಿ ಆರಿದ್ಮೇಲೆ ಚೌಕವಾಗಿ ಕತ್ತರಿಸಿ. ಅಂಚಿನ ಗರಿಗರಿ ಸ್ವಲ್ಪ ಕಳ್ಕೋತೀರ, ಉಂಡೆ ಕೆಲ್ಸ ಪೂರ್ತಿ ಉಳಿಸ್ತೀರ.

ಓಟ್ಸ್ ಒಣದ್ರಾಕ್ಷಿ

ಕೈಲಿ ಕಮ್ಮಿ ದುಡ್ಡು, ಹೊಟ್ಟೆ ತುಂಬೋ ಹಾಗಿರ್ಬೇಕು ಅಂದ್ರೆ ಇದೇ. ಚಾಕಲೇಟ್ ಚಿಪ್ ಲೆಕ್ಕದಲ್ಲಿ ಮೈದಾ 190 ಗ್ರಾಂಗೆ ಇಳಿಸಿ, 270 ಗ್ರಾಂ ಓಟ್ಸ್ ಹಾಕಿ, ಸಕ್ಕರೆ 220 ಬ್ರೌನ್ 100 ಬಿಳಿ ಅಂತ ಬದಲಾಯಿಸಿ, ಚಾಕಲೇಟ್ ಜಾಗಕ್ಕೆ 150 ಗ್ರಾಂ ಒಣದ್ರಾಕ್ಷಿ, ಒಂದು ಚಮಚ ಚಕ್ಕೆ ಪುಡಿ. ದೊಡ್ಡ ಖರ್ಚು ಹೋಯ್ತು, ಕುಕಿ ಲೆಕ್ಕ ಅಷ್ಟೇ ಉಳೀತು. ಚಕ್ಕೆ ಮತ್ತು ಬ್ರೌನ್ ಶುಗರ್ ಘಮ ಜೋರಾಗಿರೋದ್ರಿಂದ ಅರ್ಧ ಬೆಣ್ಣೆ ಅರ್ಧ ಮಾರ್ಗರಿನ್ ಹಾಕಿದ್ರೂ ಇಲ್ಲಿ ಅಷ್ಟಾಗಿ ಗೊತ್ತಾಗಲ್ಲ.

ಓಟ್ಸ್ ಮಾತ್ರ ದಪ್ಪ ಅವಲಕ್ಕಿ ಥರ ಇರೋದು ತಗೊಳ್ಳಿ, ಎರಡು ನಿಮಿಷದಲ್ಲಿ ಬೇಯೋ ಪುಡಿಪುಡಿ ಇನ್‌ಸ್ಟೆಂಟ್ ಓಟ್ಸ್ ಹಾಕಿದ್ರೆ ಅಗಿಯೋಕೆ ಏನೂ ಸಿಗಲ್ಲ. ಕಲಸಿದ್ಮೇಲೆ ಅರ್ಧ ಗಂಟೆ ಬಿಟ್ರೆ ಓಟ್ಸ್ ತೇವ ಹೀರ್ಕೊಂಡು ಹಿಟ್ಟು ಬಿಗಿ ಆಗತ್ತೆ, ಹರಡೋದು ತುಂಬಾ ಕಮ್ಮಿ ಆಗತ್ತೆ. ಆ ತೇವ ಹಿಡ್ಕೊಂಡಿರೋದ್ರಿಂದ್ಲೇ ಐದಾರು ದಿನ ಮೆತ್ತಗೆ ಇರತ್ತೆ, ಬೀಳಿಸಿದ್ರೂ ಅಷ್ಟು ಬೇಗ ಒಡೆಯಲ್ಲ. ಒಣದ್ರಾಕ್ಷಿ ಕಂಡ್ರೆ ಆಗದೇ ಇರೋರು ಎಲ್ಲಾ ಗುಂಪಲ್ಲೂ ಒಂದಿಬ್ಬರು ಇರ್ತಾರೆ, ಅರ್ಧ ಹಿಟ್ಟಿಗೆ ಬೇರೆ ಒಣಹಣ್ಣು ಇಲ್ಲಾ ಒಂದು ಹಿಡಿ ಚಾಕಲೇಟ್ ಚೂರು ಹಾಕಿದ್ರೆ ಅವರಿಗೂ ಆಯ್ತು.

ಪೀನಟ್ ಬಟರ್ ಕುಕಿ ಮತ್ತು ಅಚ್ಚಿನ ಕುಕಿ

ಪೀನಟ್ ಬಟರ್ ಕುಕಿಗೆ ಮೂರೇ ಪದಾರ್ಥ, 1 ಕೆಜಿ ಪೀನಟ್ ಬಟರ್ (ಕಡಲೆಕಾಯಿ ಅರೆದು ಮಾಡಿದ್ದು), 800 ಗ್ರಾಂ ಸಕ್ಕರೆ, 4 ಮೊಟ್ಟೆ, ಸುಮಾರು ನೂರು ಕುಕಿ. ಮೈದಾನೂ ಇಲ್ಲ ಬೆಣ್ಣೆನೂ ಇಲ್ಲ, ಗೋಧಿ ಆಗದೋರಿಗೂ ನಡೆಯತ್ತೆ. ಎಣ್ಣೆ ಮೇಲೆ ತೇಲೋ ಥರದ ಪೀನಟ್ ಬಟರ್ ಹಾಕಿದ್ರೆ ಜಿಡ್ಡು ಜಿಡ್ಡಾಗಿ ಒಡೆಯತ್ತೆ, ಎಣ್ಣೆ ಬಿಡದೇ ಇರೋದು ಬೇಕು. ಈ ಹಿಟ್ಟು ತಾನಾಗೇ ಚಪ್ಪಟೆ ಆಗಲ್ಲ, ಅದಕ್ಕೇ ಫೋರ್ಕಲ್ಲಿ ಒತ್ತೋದು, ಆ ಗೆರೆಗಳು ಬರೀ ಅಲಂಕಾರಕ್ಕಲ್ಲ. 175 ಡಿಗ್ರೀಲಿ 10 ನಿಮಿಷ. ಆದ್ರೆ ಕಡಲೆಕಾಯಿ ಅಲರ್ಜಿ ಕೆಲವರಿಗೆ ಜೀವಕ್ಕೇ ಕುತ್ತು ತರುವಂಥದ್ದು, ಹಾಗಾಗಿ ಶಾಲೆಗಾಗ್ಲಿ, ಗುರುತಿಲ್ಲದ ಜನ ಸೇರೋ ಕಡೆಗಾಗ್ಲಿ ಇದನ್ನ ತಗೊಂಡು ಹೋಗ್ಲೇಬೇಡಿ. ತಿನ್ನೋರೆಲ್ಲ ನಿಮಗೆ ಚೆನ್ನಾಗಿ ಗೊತ್ತಿರೋರಾದ್ರೆ ಮಾತ್ರ. ಮಾಡೋದಾದ್ರೂ ಬೇರೆ ಕುಕಿ ಜೊತೆ ಒಂದೇ ಟ್ರೇ, ಒಂದೇ ಡಬ್ಬಿ ಬಳಸ್ಬೇಡಿ.

ಲಟ್ಟಿಸಿ, ನಕ್ಷತ್ರ ಹೃದಯ ಅಂತ ಅಚ್ಚಲ್ಲಿ ಕತ್ತರಿಸಿ, ಮೇಲೆ ಬಣ್ಣದ ಐಸಿಂಗ್ (ಸಕ್ಕರೆ ಲೇಪ) ಹಾಕೋ ಕುಕಿ ನೋಡೋಕೆ ಎಲ್ಲಕ್ಕಿಂತ ಚಂದ. ಆದ್ರೆ ಲಟ್ಟಿಸೋದು, ಅಚ್ಚು ಒತ್ತೋದು, ಉಳಿದ ಚೂರು ಸೇರಿಸಿ ಮತ್ತೆ ಲಟ್ಟಿಸೋದು, ಬೇಯಿಸೋದು, ಐಸಿಂಗ್ ಹಾಕೋದು, ಐಸಿಂಗ್ ಪೂರ್ತಿ ಒಣಗೋಕೆ ಒಂದು ರಾತ್ರಿ ಬಿಡೋದು, ಕೈ ತಾಗೋ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಭಾರ. ಜೊತೆಗೆ ಮೂರ್ನಾಲ್ಕು ಜನ ಇದ್ರೆ, ಮಕ್ಕಳ ಜೊತೆ ಕೂತು ಮಾಡೋ ಖುಷಿನೇ ಮುಖ್ಯ ಅಂದ್ರೆ ಮಾಡಿ. ಒಬ್ಬರೇ ನೂರು ಮಾಡೋಕೆ ಇದು ಬೇಡ. ಲಟ್ಟಿಸಿದ್ದನ್ನ ಅಚ್ಚು ಹಾಕದೇ ಚಾಕುವಿಂದ ಚೌಕ ಚೌಕ ಕತ್ತರಿಸಿ ಮೇಲೆ ಸಕ್ಕರೆ ಉದುರಿಸಿ ಬೇಯಿಸಿದ್ರೆ ಚೂರೂ ಉಳಿಯಲ್ಲ, ಐಸಿಂಗ್ ಕೆಲ್ಸನೂ ಇಲ್ಲ.

ಯಾವ್ದೇ ಆರಿಸಿದ್ರೂ ಅಳತೆ ಜಾಸ್ತಿ ಮಾಡೋವಾಗ

ಕಪ್ ಲೆಕ್ಕ ಬಿಟ್ಟು ತಕ್ಕಡಿ ಹಿಡಿರಿ. ಒಂದು ಕಪ್ ಮೈದಾ ಮೆಲ್ಲಗೆ ತುಂಬಿದ್ರೆ 120 ಗ್ರಾಂ, ಡಬ್ಬಿಗೇ ಅದ್ದಿ ಒತ್ತಿ ತುಂಬಿದ್ರೆ 150 ಗ್ರಾಂ. ಒಂದು ಕಪ್ಪಲ್ಲಿ 30 ಗ್ರಾಂ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ, ಹತ್ತು ಕಪ್ಪಿಗೆ 300 ಗ್ರಾಂ ಆಗತ್ತೆ, ಕುಕಿ ಕಲ್ಲು ಕಲ್ಲಾಗತ್ತೆ. ಮೊಟ್ಟೆನೂ ಹಾಗೇ, ಸಿಪ್ಪೆ ಬಿಟ್ಟು ಒಂದಕ್ಕೆ ಸುಮಾರು 50 ಗ್ರಾಂ ಅಂತ ಇಟ್ಕೊಂಡ್ರೆ ಎರಡೂವರೆ ಪಟ್ಟು ಮಾಡೋವಾಗ ಅರ್ಧ ಮೊಟ್ಟೆ ಲೆಕ್ಕ ಬಂದ್ರೂ ಗಾಬರಿ ಆಗಲ್ಲ, ಕದಡಿ 25 ಗ್ರಾಂ ಹಾಕಿದ್ರಾಯ್ತು. ಉಪ್ಪು ಹಾಕಿದ ಬೆಣ್ಣೆ ಬಳಸ್ತಿದ್ರೆ ರೆಸಿಪೀಲಿರೋ ಉಪ್ಪನ್ನ ಬಿಟ್ಬಿಡಿ, ಜಾಸ್ತಿ ಪ್ರಮಾಣದಲ್ಲಿ ಅದು ಎದ್ದು ಕಾಣತ್ತೆ.

ಎಲ್ಲಾನೂ ಒಂದೇ ದೊಡ್ಡ ಪಾತ್ರೇಲಿ ಕಲಸೋ ಆಸೆ ಬೇಡ. ಮನೇಲಿರೋ ಮಿಕ್ಸರ್‌ಗಳು ಒಂದು ರೆಸಿಪಿಯ ಎರಡು ಪಟ್ಟು ತಡ್ಕೊಂಡ್ರೆ ಹೆಚ್ಚು, ಅದಕ್ಕಿಂತ ಜಾಸ್ತಿ ಹಾಕಿದ್ರೆ ತಳದಲ್ಲಿ ಬೆಣ್ಣೆ ಹಾಗೇ ಉಳ್ಕೊಂಡು ಒಂದು ಟ್ರೇ ಜಿಡ್ಡು ಒಂದು ಟ್ರೇ ಒಣ ಅಂತಾಗತ್ತೆ. ಎರಡು ಪಟ್ಟು ಒಂದು ಸಲ, ಮತ್ತೆ ಇನ್ನೊಂದು ಸಲ. ಬೆಣ್ಣೆ ಬೆರಳು ಒತ್ತಿದ್ರೆ ಗುಳಿ ಬೀಳ್ಬೇಕು ಆದ್ರೆ ಹೊಳಪು ಬರಬಾರ್ದು, 18-20 ಡಿಗ್ರಿ ಹತ್ತಿರ. ಎಲ್ಲಾ ಉಂಡೆ ಕಟ್ಟೋ ಮುಂಚೆ ಒಂದೇ ಒಂದು ಕುಕಿ ಬೇಯಿಸಿ ನೋಡಿ, ಹರಡಿದ್ರೆ ಹಿಟ್ಟಿಗೆ ಒಂದೆರಡು ಚಮಚ ಮೈದಾ ಸೇರಿಸೋಕೆ ಇನ್ನೂ ಸಮಯ ಇರತ್ತೆ. ಹಸಿ ಹಿಟ್ಟಿನ ರುಚಿ ಮಾತ್ರ ನೋಡ್ಬೇಡಿ, ಮೊಟ್ಟೆ ಇಲ್ದೇ ಇದ್ರೂ ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸೋ ರೋಗಾಣು ಇರ್ಬಹುದು, ಹತ್ತಿರ ಮಕ್ಕಳಿದ್ರೆ ಅವರಿಗೂ ಕೊಡ್ಬೇಡಿ.

ಓವನ್‌ನಲ್ಲಿ ಫ್ಯಾನ್ ಇದ್ರೆ ಹೇಳಿದ ಶಾಖಕ್ಕಿಂತ 15-20 ಡಿಗ್ರಿ ಕಮ್ಮಿ ಇಡಿ, ಎರಡು ಟ್ರೇ ಇಟ್ರೆ ಅರ್ಧ ಹೊತ್ತಿಗೆ ಮೇಲಿಂದು ಕೆಳಗೆ ಕೆಳಗಿಂದು ಮೇಲೆ ಮಾಡಿ. ಬೇಕಿಂಗ್ ಪೇಪರ್ ಟ್ರೇ ಅಳತೆಗೆ ಮೊದಲೇ ಕತ್ತರಿಸಿಟ್ಕೊಂಡು, ಒಂದು ಸುತ್ತು ಬೇಯ್ತಿರೋವಾಗ ಮುಂದಿನ ಸುತ್ತಿನ ಕುಕೀನ ಪೇಪರ್ ಮೇಲೇ ಜೋಡಿಸಿಟ್ಟಿರಿ, ಟ್ರೇನ ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿ ಒರೆಸಿ ಪೇಪರ್ ಸಮೇತ ಜಾರಿಸಿದ್ರೆ ಸುಮಾರು ಸಮಯ ಉಳಿಯತ್ತೆ. ಚಾಕಲೇಟ್ ಚಿಪ್, ಓಟ್ಸ್ ಇವೆರಡನ್ನ ಅಂಚು ಕೆಂಪಗಾಗಿ ಮಧ್ಯ ಇನ್ನೂ ಸ್ವಲ್ಪ ಹಸಿ ಅನ್ನಿಸೋವಾಗ್ಲೇ ತೆಗೀಬೇಕು, ಟ್ರೇ ಬಿಸಿಗೇ ಐದು ನಿಮಿಷ ಬಿಟ್ರೆ ಉಳಿದದ್ದು ಬೇಯತ್ತೆ.

ಈಗ ನಿಮ್ಮ ಪರಿಸ್ಥಿತಿ ನೋಡ್ಕೊಳ್ಳಿ. ಚಿಕ್ಕ ಓವನ್, ಒಂದೇ ಸಂಜೆ, ಒಬ್ಬರೇ ಅಂದ್ರೆ ಟ್ರೇ ಶಾರ್ಟ್‌ಬ್ರೆಡ್, ಬೇರೆ ಯೋಚ್ನೆನೇ ಬೇಡ. ಫ್ರೀಜರಲ್ಲಿ ಜಾಗ ಇದೆ, ಇನ್ನೂ ಎರಡು ವಾರ ಇದೆ, ಎರಡು ಮೂರು ಬಗೆ ಬೇಕು ಅಂದ್ರೆ ಉರುಳೆ ಕುಕಿ. ಬಜೆಟ್ ಬಿಗಿ, ಹಸ್ಕೊಂಡು ಬರೋ ಜನ ಅಂದ್ರೆ ಓಟ್ಸ್. ಅವತ್ತೇ ಬೇಯಿಸಿ ಅವತ್ತೇ ಕೊಡ್ತೀನಿ, ಸ್ವಲ್ಪ ಖರ್ಚಾದ್ರೂ ಪರವಾಗಿಲ್ಲ, ಎಲ್ಲರೂ ಇನ್ನೊಂದು ಕೇಳ್ಬೇಕು ಅಂದ್ರೆ ಚಾಕಲೇಟ್ ಚಿಪ್. ಎರಡು ಬಗೆ ಮಾಡೋ ಶಕ್ತಿ ಇದ್ರೆ ನಾನು ಹೇಳೋದು ಒಂದು ಟ್ರೇ ಶಾರ್ಟ್‌ಬ್ರೆಡ್ 48, ಜೊತೆಗೆ ಒಂದು ಸುತ್ತು ಓಟ್ಸ್ 40. ಮೊಟ್ಟೆ ತಿನ್ನದೋರಿಗೂ ಆಯ್ತು, ಮೆತ್ತಗಿರೋದು ಬೇಕು ಅನ್ನೋರಿಗೂ ಆಯ್ತು.

ಆದ್ರೆ ಆ ಎರಡನ್ನೂ ಒಂದೇ ಡಬ್ಬಿಗೆ ಹಾಕ್ಬೇಡಿ. ಮೆತ್ತಗಿನ ಕುಕಿಯ ತೇವ ಗರಿಗರಿ ಕುಕಿಗೆ ಹೋಗಿ ಒಂದೇ ರಾತ್ರೀಲಿ ಅದೂ ಮೆತ್ತಗಾಗ್ಬಿಡತ್ತೆ, ಚಕ್ಕೆ ಘಮನೂ ಶಾರ್ಟ್‌ಬ್ರೆಡ್‌ಗೆ ಹತ್ತತ್ತೆ. ಪೂರ್ತಿ ಆರೋ ತನಕ ಮುಚ್ಚಳ ಹಾಕ್ಬೇಡಿ, ಒಳಗೆ ಬೆವರಿದ್ರೆ ಗರಿ ಹೋಗತ್ತೆ. ಓಟ್ಸ್ ಕುಕಿ ಡಬ್ಬೀಲಿ ಒಂದು ಬ್ರೆಡ್ ತುಂಡು ಇಟ್ರೆ ಬ್ರೆಡ್ ಒಣಗತ್ತೆ, ಕುಕಿ ಮೆತ್ತಗೇ ಇರತ್ತೆ. ಶಾರ್ಟ್‌ಬ್ರೆಡ್ ಅಕಸ್ಮಾತ್ ಮೆತ್ತಗಾದ್ರೆ 150 ಡಿಗ್ರೀಲಿ ಐದು ನಿಮಿಷ ಇಟ್ಟು ಆರಿಸಿದ್ರೆ ಮತ್ತೆ ಗರಿಗರಿ. ಡಬ್ಬಿ ಮೇಲೆ ಒಂದು ಚೀಟಿ ಅಂಟಿಸಿ, ಒಳಗೆ ಏನೇನಿದೆ, ಮೊಟ್ಟೆ ಇದ್ಯಾ, ಕಡಲೆಕಾಯಿ ಇದ್ಯಾ, ಯಾವತ್ತು ಮಾಡಿದ್ದು ಅಂತ ಬರೆದು. ತಗೊಂಡೋರು ನಿಮ್ಮನ್ನ ಹುಡುಕಿ ಕೇಳೋ ಹಾಗಾಗ್ಬಾರ್ದು.